‘ಮಿಂಚಿನ ವೇಗ’ ಎಲ್ಲಿಂದ ಬಂತು?

ನಮಸ್ಕಾರ.

ನೆಟೀಜಾ ಎಂಬ ಡೇಟಾಬೇಸ್ ಯಂತ್ರದ (ರಾಶಿ ಡೇಟಾ ಇಟ್ಟುಕೊಂಡು ಬೇಕಾದ್ದನ್ನು ಹುಡುಕಿಕೊಡುವ ಕಂಪ್ಯೂಟರಿನ) ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ವಿಷಯವೂ ಕನ್ನಡದಲ್ಲಿ ಬರಬೇಕಾದದ್ದೇ. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಎರಡು ವಾಕ್ಯಗಳು ನನ್ನನ್ನು ಮುಂದಕ್ಕೆ ಹೋಗಲು ಬಿಡಲಿಲ್ಲ.

ಎರಡನೇ ಪ್ಯಾರಾದಲ್ಲಿ ಬರೆದಿದ್ದೀರಿ: ‘ಇದರೊಳಗಿನ ಎಫ್‌ಪಿಜಿಎ ಚಿಪ್ ಚಿರತೆಯಂತೆ ಓಡುವುದರಿಂದ ಉತ್ತರ ಮಿಂಚಿನ ವೇಗದಲ್ಲಿ ಸಿಗುತ್ತದೆ.’ ಇದನ್ನೋದಿ ನಿಜಕ್ಕೂ ಬೇಸರವಾಯಿತು. ನೀವು ಕೊಟ್ಟ ಕಾರಣವೇ ತಪ್ಪು. ಎಫ್‌ಪಿಜಿಎ ಎಂದರೆ ತಯಾರಾದ ಮೇಲೂ ಒಳಗಿನ ಸರ್ಕಿಟನ್ನು ಬೇಕಾದಂತೆ ಜೋಡಿಸಿಕೊಳ್ಳಬಹುದಾದ ಚಿಪ್; ಅದು ಸಾಮಾನ್ಯವಾಗಿ ಕೆಲವು ನೂರು ಮೆಗಾಹರ್ಟ್ಸ್‌ನಲ್ಲಿ ನಡೆಯುವಂಥದ್ದು. ನಿಮ್ಮ ಲ್ಯಾಪ್‌ಟಾಪಿನ ಪ್ರೊಸೆಸರ್ ಅದಕ್ಕಿಂತ ಹಲವು ಪಟ್ಟು ಚುರುಕು.

ಲೆಕ್ಕ ಹಾಕಿ ನೋಡಿ. ಒಂದು ಡಿಸ್ಕಿನಿಂದ ಸೆಕೆಂಡಿಗೆ 100 ಎಂಬಿ ಓದಬಹುದು ಎಂದುಕೊಳ್ಳಿ. 1 ಟಿಬಿ ಟೇಬಲನ್ನು ಪೂರ್ತಿ ಓದಲು 10,000 ಸೆಕೆಂಡು, ಹತ್ತಿರ ಹತ್ತಿರ ಎರಡೂಮುಕ್ಕಾಲು ಗಂಟೆ ಬೇಕು. ಪ್ರೊಸೆಸರ್ ಎಂಥದ್ದೇ ಇರಲಿ, ಅಲ್ಲಿಯವರೆಗೆ ಕಾಯಲೇಬೇಕು. ಅದೇ ಟೇಬಲನ್ನು 100 ಡಿಸ್ಕುಗಳಿಗೆ ಹಂಚಿದರೆ 100 ಸೆಕೆಂಡು ಸಾಕು. ಆದರೆ ಅಷ್ಟೂ ಡಿಸ್ಕುಗಳ ಡೇಟಾ ಒಂದೇ ಸರ್ವರಿಗೆ ನುಗ್ಗಿದರೆ ದಾರಿಯೇ ಕಟ್ಟಿಕೊಳ್ಳುತ್ತದೆ. ಯಂತ್ರ ಕಟ್ಟಿದ ನೆಟೀಜಾ ಕಂಪನಿಯವರು ಕೈಹಾಕಿದ್ದು ಇಲ್ಲಿ. ಮೊದಲ ಮಾದರಿಗಳಲ್ಲಿ ಪ್ರತಿ ಡಿಸ್ಕಿನ ಪಕ್ಕದಲ್ಲೇ ಒಂದು ಎಫ್‌ಪಿಜಿಎ, ಒಂದು ಪುಟ್ಟ ಪ್ರೊಸೆಸರ್ ಕೂರಿಸಿದರು. ಕ್ವೆರಿ, ಅಂದರೆ ಡೇಟಾಬೇಸಿಗೆ ಹಾಕಿದ ಪ್ರಶ್ನೆ, ಕೇಳಿದ್ದು ಕಲಬುರಗಿಯ ಗ್ರಾಹಕರ ಹೆಸರು ಮತ್ತು ಬಾಕಿ ಮಾತ್ರ ಆಗಿದ್ದರೆ, ಉಳಿದ ಊರುಗಳ ಸಾಲುಗಳು, ಉಳಿದ ಕಾಲಂಗಳು ಡಿಸ್ಕಿನಿಂದ ಹೊರಬರುತ್ತಿದ್ದಂತೆಯೇ ಅಲ್ಲೇ ಉದುರಿಹೋಗುತ್ತವೆ. ಮುಂದಕ್ಕೆ ಸಾಗಬೇಕಾದ್ದು ಕಡಿಮೆಯಾಯಿತು, ಅದಕ್ಕೇ ಉತ್ತರ ಬೇಗ ಬಂತು. ನಿಮ್ಮ ಚಿರತೆ ಮುಚ್ಚಿಹಾಕಿದ್ದು ಇದನ್ನು.

ನಾನು ಉಪಸಂಪಾದಕನಾಗಿ ಸೇರಿದ ಹೊಸದರಲ್ಲಿ ನಮ್ಮ ಹಿರಿಯ ಸಂಪಾದಕರೊಬ್ಬರು ಇಂಥ ವಿಶೇಷಣ ಕಂಡಲ್ಲೆಲ್ಲ ಅಂಚಿನಲ್ಲಿ ‘ಹೇಗೆ?’ ಎಂದು ಕೆಂಪು ಶಾಯಿಯಲ್ಲಿ ಬರೆದು ಹಾಳೆ ವಾಪಸ್ ಮಾಡುತ್ತಿದ್ದರು. ಬೇರೆ ಮಾತೇ ಇಲ್ಲ. ಯಂತ್ರ ನಡೆಸುವವರನ್ನು ಹುಡುಕಿಕೊಂಡು ಹೋಗಿ, ಕೇಳಿ ತಿಳಿದು ಬಂದು ಬರೆಯಬೇಕಿತ್ತು. ನಾನು ಈ ಕೆಲಸ ಕಲಿತದ್ದು ಆ ಒಂದು ಪದದಿಂದ.

ಇನ್ನು ಕೊನೆಯ ಪ್ಯಾರಾದ ‘ಇತಿಹಾಸದಲ್ಲೇ ಮೊದಲ ಬಾರಿಗೆ’. ಡಿಸ್ಕಿನ ಬಳಿಯೇ ಹುಡುಕುವ ಯಂತ್ರಾಂಶವನ್ನು ಬ್ರಿಟನ್ನಿನ ಐಸಿಎಲ್ ಕಂಪನಿ 1970ರ ದಶಕದಲ್ಲೇ ಕಟ್ಟಿತ್ತು. 1983ರಲ್ಲಿ ಸಂಶೋಧಕರಾದ ಹರಾನ್ ಬೋರಲ್ ಮತ್ತು ಡೇವಿಡ್ ಡಿವಿಟ್, ಡೇಟಾಬೇಸ್ ಯಂತ್ರಗಳ ಕಾಲ ಮುಗಿಯಿತೇ ಎಂದು ಪ್ರಬಂಧ ಬರೆದೇ ಕೇಳಿದರು. ಡಿಸ್ಕಿನಿಂದ ಡೇಟಾ ಬರುವ ವೇಗ ಹೆಚ್ಚದ ಹೊರತು ವಿಶೇಷ ಯಂತ್ರಾಂಶದಿಂದ ಹೆಚ್ಚು ಪ್ರಯೋಜನವಿಲ್ಲ ಎಂಬುದು ಅವರ ವಾದ. ಹೀಗೆ ಕಾಲ ಮುಗಿಯಿತೇ ಎನ್ನಿಸಿಕೊಂಡ ಆಲೋಚನೆಯ ಮೇಲೇ ನಿಂತ ನೆಟೀಜಾವನ್ನು 2010ರಲ್ಲಿ ಐಬಿಎಂ ಸುಮಾರು 170 ಕೋಟಿ ಡಾಲರ್ ಕೊಟ್ಟು ಕೊಂಡಿತು. ಇಷ್ಟು ಒಳ್ಳೆಯ ಕಥೆ ಕೈಯಲ್ಲಿದ್ದೂ ‘ಮೊದಲ ಬಾರಿಗೆ’ ಎಂದು ಬರೆದು ಅದನ್ನು ಕಳೆದುಕೊಂಡಿದ್ದೀರಿ.

ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ. ಈ ಯಂತ್ರ ಯಾವುದಕ್ಕೆ ಒಗ್ಗುವುದಿಲ್ಲ ಎಂಬುದನ್ನೂ ಸೇರಿಸಿ: ಇಡೀ ಟೇಬಲ್ ಜಾಲಾಡುವ ಕ್ವೆರಿಗೆ ಇದು ಹೇಳಿ ಮಾಡಿಸಿದ್ದು, ಎಟಿಎಂ ಮುಂದೆ ನಿಂತ ಒಬ್ಬ ಗ್ರಾಹಕನ ಒಂದೇ ಸಾಲು ತೆಗೆದುಕೊಡುವುದಕ್ಕಲ್ಲ.