ಶಿವಗಿರಿಯಲ್ಲಿ ಗಾಂಧೀಜಿ ಕೇಳಿದ್ದು, ಗುರುಗಳು ಹೇಳಿದ್ದು

ಮೂಡುಬಿದಿರೆಯ ಓದುಗರೊಬ್ಬರ ಪತ್ರದ ಸಾರ: ಕೇರಳದ ಸಂತ, ಸಮಾಜ ಸುಧಾರಕ ನಾರಾಯಣ ಗುರುಗಳು ಮಾವಿನ ಎಲೆಯ ಮಾತಿನಿಂದ ಗಾಂಧೀಜಿಯ ಕಣ್ಣು ತೆರೆಸಿದರು, ಗಾಂಧೀಜಿ ಅಸ್ಪೃಶ್ಯತೆಯ ವಿರುದ್ಧ ನಿಂತದ್ದು ಆಮೇಲೆಯೇ ಎಂದು ಸಭೆಯೊಂದರಲ್ಲಿ ಕೇಳಿದೆ. ಇದು ನಿಜವೇ? ಅಲ್ಲದೆ, ಸನ್ಯಾಸಿಯಾದವರಿಗೆ ರಾಜಕಾರಣಿಗಳ ಸಹವಾಸ ಏಕೆ ಬೇಕು?

ಸಂಪಾದಕರ ಉತ್ತರ:

ಮಾನ್ಯರೇ,

ಭೇಟಿ ನಿಜ. 1925ರ ಮಾರ್ಚ್ 12ರಂದು ಕೇರಳದ ವರ್ಕಲದಲ್ಲಿ ಗುರುಗಳ ಮಠವಿದ್ದ ಶಿವಗಿರಿಯಲ್ಲಿ ಅದು ನಡೆಯಿತು. ಒಂದೇ ಮರದ ಎಲೆಗಳು ಬೇರೆ ಬೇರೆಯಾಗಿರುವಂತೆ ಮನುಷ್ಯರಲ್ಲೂ ಭೇದವಿದೆ ಎಂದು ಗಾಂಧೀಜಿ ಹೇಳಿದಾಗ, ಎಲ್ಲ ಎಲೆಗಳ ರಸದ ರುಚಿ ಒಂದೇ ಎಂದು ಗುರುಗಳು ಉತ್ತರಿಸಿದರೆಂಬ ಕತೆ ಕೇರಳದಲ್ಲೂ ನಮ್ಮ ಕರಾವಳಿಯಲ್ಲೂ ಪ್ರಚಲಿತವಾಗಿದೆ. ಆದರೆ ಗಾಂಧೀಜಿಯ ಹೋರಾಟ ಅಲ್ಲಿಂದ ಶುರುವಾಯಿತು ಎನ್ನುವುದು ತಪ್ಪು. 1915ರಲ್ಲೇ ಅವರು ದೂದಾಭಾಯಿಯವರ ದಲಿತ ಕುಟುಂಬವನ್ನು ಅಹಮದಾಬಾದಿನ ಆಶ್ರಮಕ್ಕೆ ಸೇರಿಸಿಕೊಂಡು, ದಾನಿಗಳ ಸಿಟ್ಟನ್ನೂ ಆಶ್ರಮದ ಒಳಗಿನವರ ಅಸಮಾಧಾನವನ್ನೂ ಎದುರಿಸಿದ್ದರು.

ಎಲೆಯ ಕತೆ ಕೇಳಲು ಸುಂದರವಾಗಿದೆ. ನನಗೆ ಬೇಸರವಾಗುವುದು, ಅಂದಿನ ಉಳಿದ ಮಾತೆಲ್ಲ ಅದರ ಮರೆಯಲ್ಲಿ ಉಳಿದುಬಿಟ್ಟಿದೆ ಎಂಬುದಕ್ಕೆ. ಗಾಂಧೀಜಿ ಶಿವಗಿರಿಗೆ ಬಂದದ್ದು ಕೇರಳದ ವೈಕಂ ಎಂಬ ಊರಿನಿಂದ. ಅಲ್ಲಿನ ಮಹಾದೇವ ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ ಕೀಳೆನಿಸಿದ್ದ ಜಾತಿಗಳಾದ ಈಳವರೂ ಪುಲಯರೂ ನಡೆಯುವಂತಿರಲಿಲ್ಲ. ಅದರ ವಿರುದ್ಧ 1924ರ ಮಾರ್ಚ್ 30ರಂದು ಸತ್ಯಾಗ್ರಹ ಆರಂಭವಾಗಿತ್ತು. 1925ರ ಮಾರ್ಚ್ 10ರಂದು ಗಾಂಧೀಜಿ ಸವರ್ಣರ ಮುಖಂಡರಾಗಿದ್ದ ಇಂಡಂತುರುತ್ತಿ ನಂಬೂದಿರಿಯನ್ನು ಕಾಣಲು ಹೋದರು. ಅವರನ್ನು ಮನೆಯೊಳಗೆ ಕರೆಯಲಿಲ್ಲ, ಹೊರಗಿನ ಮಂಟಪದಲ್ಲಿ ಕೂರಿಸಿದರು. ಹಿಂದಿನ ಜನ್ಮದ ಕರ್ಮದಿಂದಲೇ ಕೆಲವರು ಕೀಳಾಗಿ ಹುಟ್ಟುತ್ತಾರೆ ಎಂಬ ವಾದವನ್ನು ಕೇಳಿ ಬರಿಗೈಯಲ್ಲಿ ಮರಳಿದರು.

ಅದಾಗಿ ಎರಡೇ ದಿನಕ್ಕೆ ಗುರುಗಳ ಮುಂದೆ ಅವರು ಇಟ್ಟ ಪ್ರಶ್ನೆ: ಹಿಂದೂ ಶಾಸ್ತ್ರಗಳಲ್ಲಿ ಅಸ್ಪೃಶ್ಯತೆಯ ವಿಧಿ ಇದೆಯೇ? ಇಲ್ಲ ಎಂದರು ಗುರುಗಳು. ಉತ್ತರ ಕೊಟ್ಟವರು ಯಾರು ಎಂಬುದನ್ನು ಗಮನಿಸಿ. ಸಂಸ್ಕೃತದ ವಿದ್ವಾಂಸರು, ವೇದಾಂತದ ಕೃತಿಗಳನ್ನು ರಚಿಸಿದವರು, 1888ರಲ್ಲಿ ಅರುವಿಪ್ಪುರಂನಲ್ಲಿ ತಮ್ಮ ಕೈಯಿಂದಲೇ ಶಿವನನ್ನು ಪ್ರತಿಷ್ಠಾಪಿಸಿದವರು. ಇಷ್ಟಾಗಿಯೂ, ಈಳವರಾಗಿ ಹುಟ್ಟಿದ ಕಾರಣಕ್ಕೆ ವೈಕಂನ ಆ ಬೀದಿ ಅವರಿಗೂ ನಿಷಿದ್ಧವೇ.

ಮುಂದಿನ ಮಾತುಕತೆಯನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಬಿಡುಗಡೆಗೆ ಮತಾಂತರವೇ ದಾರಿ ಎಂದು ಕೆಲವರು ಹೇಳುತ್ತಾರಲ್ಲ ಎಂದು ಗಾಂಧೀಜಿ ಕೇಳಿದರು. ಮತ ಬದಲಾಯಿಸಿದವರಿಗೆ ಸ್ವಾತಂತ್ರ್ಯ ಸಿಗುವುದನ್ನು ಜನ ಕಣ್ಣಾರೆ ಕಾಣುತ್ತಿದ್ದಾರೆ, ಹೀಗಿರುವಾಗ ಮತಾಂತರ ಒಳ್ಳೆಯದೆಂದರೆ ಅವರನ್ನು ದೂರುವುದು ಹೇಗೆ ಎಂದರು ಗುರುಗಳು. ಮೋಕ್ಷಕ್ಕೆ ಹಿಂದೂ ಧರ್ಮ ಸಾಲದೇ ಎಂದು ಗಾಂಧೀಜಿ ಮುಂದುವರಿಸಿದರು. ಅನ್ಯ ಮತಗಳಲ್ಲೂ ಮೋಕ್ಷಕ್ಕೆ ದಾರಿಯಿದೆ, ಹಿಂದೂ ಧರ್ಮವೂ ಸಾಕು, ಆದರೆ ಜನರು ಹೆಚ್ಚಾಗಿ ಬಯಸುವುದು ಲೌಕಿಕ ಸ್ವಾತಂತ್ರ್ಯವನ್ನು ಎಂಬುದು ಗುರುಗಳ ಉತ್ತರದ ತಿರುಳು. ರಾಜಕಾರಣಿ ಮೋಕ್ಷದ ಮಾತೆತ್ತಿದರು, ಸನ್ಯಾಸಿ ಜನರ ಕಾಲಕೆಳಗಿನ ದಾರಿಯ ಮಾತಾಡಿದರು! ನಮ್ಮ ವೇದಿಕೆಗಳಲ್ಲಿ ಈ ಮಾತು ಕೇಳುವುದು ಅಪರೂಪ. ಎಲೆಯ ರಸ ಒಂದೇ ಎಂದು ತಲೆದೂಗಿ ಯಾರು ಬೇಕಾದರೂ ಮನೆಗೆ ಹೋಗಬಹುದು. ಲೌಕಿಕ ಸ್ವಾತಂತ್ರ್ಯ ಎಂದ ಕೂಡಲೇ ಬಾವಿ, ಶಾಲೆ, ದೇವಸ್ಥಾನದ ಪಂಕ್ತಿ ಎಲ್ಲದಕ್ಕೂ ಲೆಕ್ಕ ಕೊಡಬೇಕಾಗುತ್ತದೆ.

ಇಬ್ಬರೂ ಎಲ್ಲವನ್ನೂ ಒಪ್ಪಿಕೊಂಡವರಲ್ಲ. ಸತ್ಯಾಗ್ರಹಿಗಳು ತಡೆಬೇಲಿ ಹಾರಿ ಒಳನುಗ್ಗಬೇಕು ಎಂದು ಗುರುಗಳು ಹೇಳಿದ್ದಾಗಿ 1924ರಲ್ಲಿ ಸುದ್ದಿಯಾದಾಗ, ಗಾಂಧೀಜಿ ತಮ್ಮ ‘ಯಂಗ್ ಇಂಡಿಯಾ’ ವಾರಪತ್ರಿಕೆಯಲ್ಲಿ ಅದನ್ನು ಖಂಡಿಸಿ ಬರೆದಿದ್ದರು. ಗುರುಗಳು ಮುನಿಸಿಕೊಂಡು ದೂರ ಸರಿಯಲಿಲ್ಲ. ಸತ್ಯಾಗ್ರಹಕ್ಕೆ ಸಾವಿರ ರೂಪಾಯಿ ಕೊಟ್ಟರು, ವೈಕಂ ಬಳಿಯ ತಮ್ಮ ಮಠವನ್ನು ಹೋರಾಟಗಾರರಿಗೆ ಬಿಟ್ಟುಕೊಟ್ಟರು. 1925ರ ನವೆಂಬರ್‌ನಲ್ಲಿ ಸತ್ಯಾಗ್ರಹ ಮುಗಿದಾಗ ಮೂರು ದಿಕ್ಕಿನ ಬೀದಿಗಳಷ್ಟೇ ತೆರೆದಿದ್ದವು. ವೈಕಂ ಸೇರಿದ್ದ ತಿರುವಾಂಕೂರು ಸಂಸ್ಥಾನದಲ್ಲಿ ದೇವಸ್ಥಾನ ಪ್ರವೇಶದ ಘೋಷಣೆ ಹೊರಟದ್ದು 1936ರಲ್ಲಿ. ಗುರುಗಳು 1928ರಲ್ಲೇ ಸಮಾಧಿಯಾಗಿದ್ದರು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಸನ್ಯಾಸಿ ಮತ್ತು ರಾಜಕಾರಣಿ ಭೇಟಿಯಾಗಲೇಬಾರದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1912ರಲ್ಲಿ ಮಂಗಳೂರಿಗೆ ಬಂದು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ಗುರುಗಳು ಲೋಕದ ವ್ಯವಹಾರಕ್ಕೆ ಬೆನ್ನು ಹಾಕಿ ಕುಳಿತವರಲ್ಲ. ಬೇರೆ ಕಡೆ ದೇವರ ಬಾಗಿಲು ಮುಚ್ಚಿದ್ದ ಬಿಲ್ಲವರಿಗೆ ಗುಡಿಯೊಂದು ಸಿಕ್ಕಿದ್ದು ಅವರಿಂದ. ಶಿವಗಿರಿಯ ಸಂಭಾಷಣೆಯ ದಾಖಲೆಯಲ್ಲಿ ಮಠಕ್ಕೆ ಜಮೀನು, ಹಣ, ಮನ್ನಣೆ ಕೇಳಿದ ಒಂದು ಸಾಲೂ ಇಲ್ಲ. ಇಂದು ಮಂತ್ರಿಗಳು ಮಠಕ್ಕೆ ಬಂದರೆ ಶಾಲು, ಹಾರ, ಫಲತಾಂಬೂಲದ ಫೋಟೋ ಪತ್ರಿಕೆಗಳಿಗೆ ಬರುತ್ತದೆ, ಒಳಗೆ ಆಡಿದ ಮಾತು ಬರುವುದಿಲ್ಲ. ಅದರಲ್ಲಿ ಪತ್ರಿಕೆಗಳ ಪಾಲೂ ಇದೆ. ಇನ್ನು ಮುಂದೆ ಇಂಥ ಭೇಟಿಗಳಲ್ಲಿ ಸ್ವಾಮೀಜಿಯವರು ಯಾರ ಪರವಾಗಿ ಏನು ಕೇಳಿದರು ಎಂಬುದನ್ನು ತಿಳಿದೇ ವರದಿ ಬರೆಯಬೇಕೆಂದು ನಮ್ಮ ವರದಿಗಾರರಿಗೆ ಹೇಳಿದ್ದೇನೆ.

— ಸಂಪಾದಕ