ಮಾನ್ವಿಯ ಹೆಣ ಎದ್ದರೆ ಏಕೆ ಸಿಟ್ಟು?

ಓದುಗರ ಪತ್ರ: ಕಳೆದ ಸಂಚಿಕೆಯ ಕಥೆ ಓದಿ ಬೇಸರವಾಯಿತು. ಜೋಳದ ಬೇರಿಗೆ ಬೀಳುವ ಕಳೆ ಕಸವೊಂದು ಸ್ಮಶಾನಕ್ಕೆ ಹಬ್ಬಿ, ಹೂತ ಹೆಣಗಳಿಗೆ ಬೇರು ಇಳಿಸಿ ಎಬ್ಬಿಸುತ್ತದಂತೆ. ಊರಿಂದೂರಿಗೆ ಈ ಪಿಡುಗು ಹರಡುತ್ತದಂತೆ. ಎದ್ದ ಹೆಣಗಳು ಕಾಲುವೆ ದಂಡೆಗೆ ಹೋಗಿ ಸಾಲಾಗಿ ನಿಲ್ಲುತ್ತವಂತೆ. ಪರಾವಲಂಬಿ ಸಸ್ಯಕ್ಕೆ ಜೀವಂತ ಆಸರೆ ಬೇಕು ಎಂಬುದು ಹೈಸ್ಕೂಲ್ ಹುಡುಗರಿಗೂ ಗೊತ್ತು. ಇಂಥದ್ದೆಲ್ಲ ಇಂಗ್ಲಿಷ್ ಸಿನಿಮಾಕ್ಕೆ ಸರಿ, ನಮ್ಮ ಭಾಗಕ್ಕೆ ಹೊಂದುವುದಿಲ್ಲ. ಇಂಥ ಕಥೆಗಳಿಂದಲೇ ಮೂಢನಂಬಿಕೆ ಬೆಳೆಯುವುದು. ರೈತರಿಗೆ ಇರುವ ಕಷ್ಟವೇ ಸಾಕು.
– ನಿವೃತ್ತ ವಿಜ್ಞಾನ ಶಿಕ್ಷಕರು, ಸಿಂಧನೂರು

ಸಂಪಾದಕರ ಉತ್ತರ: ಮಾಸ್ತರರೇ, ವಿಜ್ಞಾನದ ಮಟ್ಟಿಗೆ ನಿಮ್ಮ ಮಾತು ಸರಿ. ಮಾವಿನ ಮರ ಸತ್ತರೆ ಅದರ ಮೇಲಿನ ಬಂದಳಿಕೆಯೂ ಒಣಗುತ್ತದೆ. ಯಾವ ಗಿಡವೂ ಹೆಣವನ್ನು ನಡೆಸಲಾರದು. ಒಪ್ಪಿದೆ. ನಮ್ಮ ಕಥೆ ಓದಿ ಯಾರಾದರೂ ಸ್ಮಶಾನಕ್ಕೆ ಕಳೆನಾಶಕ ಹೊಡೆಯಲು ಹೊರಟರೆ ದಯವಿಟ್ಟು ತಡೆಯಿರಿ.

ಈಗ ಜಗಳಕ್ಕೆ ಬರೋಣ.

'ನಮ್ಮ ಭಾಗಕ್ಕೆ ಹೊಂದುವುದಿಲ್ಲ' ಅಂದಿರಲ್ಲ, ಅದೇ ನನ್ನನ್ನು ಕೆಣಕಿದ್ದು. ಅಮೆರಿಕದ ಹೆಣ ಎದ್ದರೆ ಮನೆಮಂದಿಯೆಲ್ಲ ಒಗ್ಗರಣೆ-ಮಿರ್ಚಿ ತಿನ್ನುತ್ತಾ ನೋಡುತ್ತೇವೆ. ಕೊರಿಯಾದ ಹೆಣ ಎದ್ದರೂ ನೋಡುತ್ತೇವೆ. ಮಾನ್ವಿ ತಾಲ್ಲೂಕಿನ ಹೆಣ ಎದ್ದರೆ ಮಾತ್ರ ಪತ್ರಿಕೆಗೆ ಪತ್ರ ಬರುತ್ತದೆ. ಹೆದರುವುದಕ್ಕೂ ನಮಗೆ ಪರದೇಶದ ಸರಕೇ ಬೇಕಾ?

ಸತ್ತವರ ಜೊತೆ ಬದುಕಿದ ನಾಡು ಇದು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡ ಹತ್ತಿದ್ದೀರಾ? ಇಲ್ಲದಿದ್ದರೆ ಈ ಚಳಿಗಾಲದಲ್ಲಿ ಹತ್ತಿ. ಎರಡು ಸಾವಿರ ವರ್ಷಕ್ಕೂ ಹಳೆಯ ಶಿಲಾ ಸಮಾಧಿಗಳು ಅಲ್ಲಿ ನೂರಾರು ಇವೆ. ನಾಲ್ಕು ಕಡೆ ಬಂಡೆಯ ಗೋಡೆ, ಮೇಲೊಂದು ಚಪ್ಪಡಿ. ಕೆಲವಕ್ಕೆ ದುಂಡನೆಯ ಕಿಂಡಿಯೂ ಉಂಟು. ಸುತ್ತಲಿನ ಜನ ಅವನ್ನು ಗೋರಿ ಅನ್ನುವುದಿಲ್ಲ, ಮೋರ್ಯರ ಮನೆ ಅನ್ನುತ್ತಾರೆ. ಹಂಪಿ ಪಕ್ಕದ ನಿಂಬಾಪುರದಲ್ಲಿ ಬೂದಿಯ ದಿಬ್ಬವಿದೆ. ವಾಲಿಯನ್ನು ಸುಟ್ಟ ಜಾಗ ಅದು ಅಂತ ಊರವರು ತೋರಿಸುತ್ತಾರೆ. ಈ ಸೀಮೆಯ ಬೂದಿ ದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಆದವು ಅಂತ ಪುರಾತತ್ವದವರು ಅಗೆದು ಹೇಳಿದ್ದಾರೆ. ನನಗೆ ಎರಡೂ ಬೇಕು. ಬರೀ ಸಗಣಿ ಸಾಲದು. ಇನ್ನು ಹೆಗಲ ಮೇಲೆ ಹೆಣ ಹೊತ್ತು, ಅದು ಹೇಳುವ ಕಥೆ ಕೇಳುತ್ತಾ ನಡೆದ ವಿಕ್ರಮನನ್ನು ನಾವು ಯಾರಿಂದಲೂ ಸಾಲ ತರಲಿಲ್ಲ. ಆ ಹೆಣದ ನರ-ಸ್ನಾಯು ಹೇಗೆ ಕೆಲಸ ಮಾಡಿದವು ಅಂತ ಬಾಲ್ಯದಲ್ಲಿ ನೀವು ಯಾರನ್ನಾದರೂ ಕೇಳಿದ್ದಿರಾ?

ಕಥೆ ಬರೆದ ಹುಡುಗಿಗೆ ನೆಲ ಗೊತ್ತಿದೆ. ಪುರಾವೆ ಕೊಡುತ್ತೇನೆ. ನಮ್ಮಲ್ಲಿ ಹೂಳುವವರು ಜಾಸ್ತಿ, ಲಿಂಗಾಯತರು ಕೂರಿಸಿ ಹೂಳುತ್ತಾರೆ. ಅವಳ ಕಥೆಯಲ್ಲಿ ಮೊದಲು ಏಳುವ ಅಜ್ಜ ಮಣ್ಣಿನಿಂದ ಕೂತಂತೆಯೇ ಮೇಲೆ ಬರುತ್ತಾನೆ, ಆಮೇಲೆ ಕಾಲು ಚಾಚುತ್ತಾನೆ. ಇಂಗ್ಲಿಷ್ ಸಿನಿಮಾ ನೋಡಿ ಬರೆದವರಿಗೆ ಇದು ಹೊಳೆಯುತ್ತಿತ್ತಾ?

ಗಿಡದ ವಿಷಯದಲ್ಲಂತೂ ಅವಳು ನಿಮಗಿಂತ ಒಂದು ಹೆಜ್ಜೆ ಮುಂದೆ ಇದ್ದಾಳೆ, ಬೇಜಾರಾಗಬೇಡಿ. ಜೋಳದ ಹೊಲದಲ್ಲಿ ಗೇಣುದ್ದ ಬೆಳೆದು ಪುಟ್ಟ ಬಿಳಿ ಹೂ ಬಿಡುವ ಸ್ಟ್ರೈಗಾ ನಿಜವಾಗಿಯೂ ಇರುವ ಕಸ. ನೋಡಲು ಪಾಪದ ಗಿಡ. ಒಂದೊಂದು ಗಿಡ ಹತ್ತಾರು ಸಾವಿರ ಬೀಜ ಉದುರಿಸುತ್ತದೆ. ಬೀಜ ಅಂದರೆ ಬರೀ ಧೂಳು. ಅದು ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಸುಮ್ನೆ ಮಲಗಿರಬಲ್ಲದು. ಮಳೆ ಬಂದರೂ ಏಳುವುದಿಲ್ಲ, ಗೊಬ್ಬರ ಹಾಕಿದರೂ ಏಳುವುದಿಲ್ಲ. ಜೋಳದ ಬೇರು ಹತ್ತಿರ ಬಂದು, ಆ ಬೇರಿನಿಂದ ಒಸರುವ ರಾಸಾಯನಿಕದ ಸುಳಿವು ಸಿಕ್ಕಾಗಲೇ ಮೊಳೆಯುತ್ತದೆ. ಬೇರಿಗೆ ಅಂಟಿ, ಒಳಹೊಕ್ಕು, ನೀರು-ಸಾರ ಹೀರುತ್ತದೆ. ಕಸ ಮಣ್ಣಿನಿಂದ ತಲೆ ಎತ್ತುವಷ್ಟರಲ್ಲಿ ಕೆಡುಕು ಬಹುಪಾಲು ಮುಗಿದಿರುತ್ತದೆ. ಮಣ್ಣಿನಲ್ಲಿ ಹಸಿ ಇದ್ದರೂ ಪೈರು ಬರ ಬಿದ್ದಂತೆ ಬಾಡುತ್ತದೆ. ರೈತ ಆಕಾಶ ನೋಡಿ ಬೈಯುತ್ತಾನೆ, ಕಳ್ಳ ಕಾಲಡಿ ಇರುತ್ತಾನೆ. ವರ್ಷಗಟ್ಟಲೆ ಹೆಣದಂತೆ ಬಿದ್ದಿದ್ದು ಸುಳಿವು ಸಿಕ್ಕೊಡನೆ ಏಳುವ ಬೀಜ! ಹುಡುಗಿ ಇದನ್ನೇ ಹಿಡಿದು ತುಸು ಎಳೆದಿದ್ದಾಳೆ, ಅಷ್ಟೇ.

ಇನ್ನೊಂದು ಕೇಳಿ. ಈ ಬೀಜವನ್ನು ಎಬ್ಬಿಸುವ ರಾಸಾಯನಿಕವನ್ನು 1966ರಲ್ಲಿ ಮೊದಲು ಬೇರ್ಪಡಿಸಿದ್ದು ಹತ್ತಿಯ ಬೇರಿನಿಂದ. ಹೌದು, ನಮ್ಮ ರಾಯಚೂರು ಮಾರುಕಟ್ಟೆಗೆ ಬಂಡಿಗಟ್ಟಲೆ ಬರುವ ಅದೇ ಹತ್ತಿ. ತಮಾಷೆ ಏನೆಂದರೆ ಸ್ಟ್ರೈಗಾ ಹತ್ತಿಯ ಮೇಲೆ ಬದುಕಲಾರದು. ಹತ್ತಿ ಬಿತ್ತಿದರೆ ಬೀಜ ಮೋಸಹೋಗಿ ಮೊಳೆಯುತ್ತದೆ, ಆಸರೆ ಸಿಗದೆ ಸಾಯುತ್ತದೆ. 1956ರಲ್ಲಿ ಅಮೆರಿಕದ ಕೆರೊಲಿನಾ ರಾಜ್ಯಗಳ ಮೆಕ್ಕೆಜೋಳದಲ್ಲಿ ಈ ಕಸ ಕಂಡಾಗ ಅವರು ನೆಲದೊಳಕ್ಕೆ ಎಥಿಲೀನ್ ಅನಿಲ ಬಿಟ್ಟು ಹೀಗೇ ಮೋಸದಿಂದ ಎಬ್ಬಿಸಿ ಕೊಂದರು. ಆಫ್ರಿಕಾದಲ್ಲಿ ಇದರ ಅಣ್ಣನಂಥ ಜಾತಿಯೊಂದಿದೆ. ಅದರೊಳಗೆ ಜೋಳದ ಕಡೆಯಿಂದ ಬಂದ ಜೀನ್ ಒಂದು ಸೇರಿಕೊಂಡಿದೆ ಅಂತ 2010ರಲ್ಲಿ ವಿಜ್ಞಾನಿಗಳು ತೋರಿಸಿದರು. ಉಂಡ ಮನೆಯ ರಕ್ತವೂ ಮೈಗೆ ಸೇರಿತು ಅಂತಾಯಿತಲ್ವಾ! ಇಷ್ಟೆಲ್ಲ ನಿಜ ಇರುವಾಗ ಕಥೆಗಾರ್ತಿ ಮಾಡಿದ ಒಂದೇ ಒಂದು ಸುಳ್ಳಿಗೆ ಇಷ್ಟು ಸಿಟ್ಟು ಯಾಕೆ?

ಶ್ರೀಗಂಧವೂ ಅರೆ ಪರಾವಲಂಬಿ, ನಿಮಗೆ ಗೊತ್ತೇ ಇದೆ. ಪಕ್ಕದ ಗಿಡದ ಬೇರಿಗೆ ಬೇರು ಚುಚ್ಚದೆ ಅದು ಸರಿಯಾಗಿ ಬೆಳೆಯುವುದಿಲ್ಲ. ಅದಕ್ಕೇ ಗಂಧದ ಸಸಿ ಪಕ್ಕ ತೊಗರಿ ಹಾಕುತ್ತಾರೆ. ತೊಗರಿಯನ್ನು ಯಾರೂ ಕೇಳುವುದಿಲ್ಲ. ನಾಡಗೀತೆಯಲ್ಲಿ ಹೆಸರು ಬಂದಿದ್ದು ಗಂಧದ್ದೇ.

ರೈತರಿಗೆ ಅವಮಾನ ಅನ್ನುವ ಧಾಟಿ ನಿಮ್ಮ ಪತ್ರದಲ್ಲಿದೆ. ನಾನು ಅದನ್ನು ತಿರುಗಿಸಿ ಓದುತ್ತೇನೆ. ಆ ಹೆಣಗಳು ಯಾರನ್ನೂ ಕಚ್ಚುವುದಿಲ್ಲ, ಗಮನಿಸಿದಿರಾ? ಮೈಯೊಳಗಿನ ಬೇರಿಗೆ ನೀರು ಬೇಕು, ಅದಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಗೆ ಹೋಗುತ್ತವೆ. ಕಾಲುವೆ ಒಣಗಿರುತ್ತದೆ. ನಿಲ್ಲುತ್ತವೆ. ಬೆಳಗಿನ ಮೊದಲ ಬಸ್ಸಿನವರು ನೋಡಿ, ಇವತ್ತೂ ನೀರಿಗಾಗಿ ಧರಣಿ ಇದೆ ಅಂದುಕೊಂಡು ಹೋಗಿಬಿಡುತ್ತಾರೆ. ಆ ಸಾಲು ಓದಿಯೇ ನಾನು ಕಥೆ ಆರಿಸಿದೆ. ಆ ಕಾಲುವೆಯ ಕೆಳಭಾಗದ ರೈತರ ಬಗ್ಗೆ ನಮ್ಮ ಪತ್ರಿಕೆ ಎಷ್ಟೋ ವರದಿ ಹಾಕಿದೆ. ಮಾನ್ವಿ, ಸಿರವಾರದ ಕಡೆ ನೀರು ಮುಟ್ಟದ ಗೋಳು ಪ್ರತಿ ಹಂಗಾಮಿನಲ್ಲೂ ಅಚ್ಚಾಗುತ್ತದೆ. ಅದಕ್ಕೆ ಒಂದು ಪತ್ರವೂ ಬರಲಿಲ್ಲ. ಹೆಣ ಬಂದು ನಿಂತ ಮೇಲೆ ಹನ್ನೊಂದು ಬಂದವು. ಎಲ್ಲವೂ ಸಸ್ಯಶಾಸ್ತ್ರದ್ದೇ.

ಕಾಲುವೆಯ ಮೇಲ್ಭಾಗದಲ್ಲಿ, ನಿಮ್ಮ ಕಡೆ, ಕ್ಯಾಂಪಿನಿಂದ ಕ್ಯಾಂಪಿಗೆ (ನೀರಾವರಿಗೆಂದು ವಲಸೆ ಬಂದವರ ಊರುಗಳವು) ಭತ್ತ. ನೀರು ನಿಂತ ಗದ್ದೆಯಲ್ಲಿ ಜೋಳವೂ ಇಲ್ಲ, ಜೋಳದ ಕಸವೂ ಇಲ್ಲ. ಹಾಗಾಗಿ ನಿಮ್ಮೂರಿನ ಇಪ್ಪತ್ತು ವರ್ಷದ ಹುಡುಗರು ಸ್ಟ್ರೈಗಾ ನೋಡಿರಲಾರರು. ಕೃಷಿ ಓದುವ ಮಕ್ಕಳು ಅದರ ಲ್ಯಾಟಿನ್ ಹೆಸರನ್ನು ಪರೀಕ್ಷೆಗೆ ಉರು ಹೊಡೆಯುತ್ತಾರೆ. ಓದುವುದು ಇಂಗ್ಲಿಷ್ ಪುಸ್ತಕದಲ್ಲಿ. ಅದೇ ಕಸವನ್ನು ತಡೆಯುವ ಜೋಳದ ತಳಿ ಬೆಳೆಸಿದ್ದಕ್ಕೆ ಇಥಿಯೋಪಿಯಾದ ಗೆಬಿಸಾ ಎಜೆಟಾ ಅವರಿಗೆ 2009ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಜೋಳದ ರೊಟ್ಟಿ ತಿಂದೇ ಬೆಳೆದ ನಮ್ಮ ಸೀಮೆಯಲ್ಲಿ ಎಷ್ಟು ಜನ ಆ ಹೆಸರು ಕೇಳಿದ್ದಾರೆ? ಮೂಢನಂಬಿಕೆಗೆ ಕಥೆ ಕಾರಣ ಅನ್ನುತ್ತೀರಿ. ಹೊಲದ ವಿಜ್ಞಾನವನ್ನು ಹೊಲದ ಮಾತಿನಲ್ಲಿ ಬರೆಯದೆ ಬಿಟ್ಟವರದ್ದು ಏನೂ ಇಲ್ಲವೇ? ಹಳ್ಳಿ ಗ್ರಂಥಾಲಯಕ್ಕೆ ಹೋಗಿ ನೋಡಿ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು ಒಂದು ಗೋಡೆ ತುಂಬ ಇವೆ. ಗಿಡಗಂಟಿಯ ಬಗ್ಗೆ ಒಂದು ಒಳ್ಳೆಯ ಕನ್ನಡ ಪುಸ್ತಕ ಸಿಕ್ಕರೆ ನನಗೂ ತಿಳಿಸಿ.

ನೀವು ಬರೆಯಬಲ್ಲಿರಿ, ಮಾಸ್ತರರೇ. ನಿಮ್ಮ ಎರಡು ಪುಟದ ಪತ್ರದಲ್ಲಿ ಒಂದು ಕಾಗುಣಿತ ತಪ್ಪಿಲ್ಲ. ಪರಾವಲಂಬಿ ಬೇರು ಆಸರೆಯ ಬೇರಿಗೆ ಹೊಕ್ಕುವ ಚಿತ್ರವನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಎಷ್ಟು ಚೆನ್ನಾಗಿ ಬಿಡಿಸಿದ್ದೀರಿ! ಅದನ್ನೇ ದೊಡ್ಡದಾಗಿ ಬಿಡಿಸಿ, ಜೊತೆಗೆ ಸ್ಟ್ರೈಗಾ ಬಗ್ಗೆ ಎರಡು ಪುಟ ಬರೆದು ಈ ತಿಂಗಳ ಕೊನೆಯೊಳಗೆ ಕಳಿಸಿ. ಸಂಭಾವನೆ ಕಡಿಮೆ, ಒಂದು ವರ್ಷದ ಚಂದಾ ನಮ್ಮ ಕಡೆಯಿಂದ. ಕಥೆಯ ಎರಡನೇ ಭಾಗ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ನಿಮ್ಮ ಲೇಖನವನ್ನು ಅದರ ಎದುರಿನ ಪುಟಕ್ಕೇ ಹಾಕುತ್ತೇವೆ.