ನಿಮ್ಮ ದೊಡ್ಡಪ್ಪ ಇನ್ನೂ ಬದುಕಿದ್ದಾರೆ

ನಮಸ್ಕಾರ.

ನಿಮ್ಮ ‘ಸೈನ್ಯದ ಸ್ವರಸಾಧಕ’ ಲೇಖನವನ್ನು ಎರಡು ಸಲ ಓದಿದೆ. ಒಂದು ಸಲ ಹಾಸನದ ಆಫೀಸಿನಲ್ಲಿ, ಇನ್ನೊಂದು ಸಲ ಮನೆಯಲ್ಲಿ ಊಟ ಆದ ಮೇಲೆ. ಈಗ ಇರುವ ಹಾಗೆ ಇದನ್ನು ನಾವು ಹಾಕುವುದಿಲ್ಲ. ಮೊದಲೇ ಹೇಳಿಬಿಟ್ಟೆ, ಬೇಜಾರು ಮಾಡ್ಕೋಬೇಡಿ. ಎರಡು ಪುಟ ಹೊಗಳಿ ಕೊನೆಯ ಸಾಲಿನಲ್ಲಿ ‘ವಿಷಾದಿಸುತ್ತೇವೆ’ ಅನ್ನುವ ಕಾಗದ ಒಂದು ಕಾಲದಲ್ಲಿ ನನಗೂ ಬಂದಿತ್ತು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಹಾಗಂತ ಲೇಖನ ವಾಪಸ್ ಕಳಿಸಿ ಕೈ ತೊಳೆದುಕೊಳ್ಳೋಣ ಅಂದರೆ ಮನಸ್ಸು ಒಪ್ಪುತ್ತಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಒಪ್ಪಿದ ಹಾಗೆ, ಹೆಸರು ತೆಗೆದು ಇದನ್ನು ಸಲಹೆಯ ಪುಟದಲ್ಲೂ ಹಾಕುತ್ತೇನೆ. ಲೇಖನ ಓದದವರಿಗೆ ಕಥೆ ಇಷ್ಟು. ಆಲ್ದೂರು ಕಡೆಯ ತೋಟದ ಮನೆಯ ಹುಡುಗ 1966ರಲ್ಲಿ ಸೈನ್ಯಕ್ಕೆ ಸೇರುತ್ತಾನೆ. ಅಲ್ಲಿ ಅವನನ್ನು ಬ್ಯಾಂಡಿಗೆ ಹಾಕುತ್ತಾರೆ. ಆಲ್ಟೊ ಸ್ಯಾಕ್ಸೊಫೋನ್ ಕಲಿಯುತ್ತಾನೆ. ಹಗಲು ಪರೇಡು, ರಾತ್ರಿ ಆಫೀಸರ್ಸ್ ಮೆಸ್ಸಿನಲ್ಲಿ ಅಮೆರಿಕದ ಜಾಝ್ ಸಂಗೀತ. ಹೀಗೆ 24 ವರ್ಷ. 1990ರಲ್ಲಿ ರಿಟೈರ್ ಆಗಿ ಊರಿಗೆ ಬಂದು ಚಿಕ್ಕಮಗಳೂರಿನ ಸುತ್ತಮುತ್ತ ಮದುವೆಗಳಲ್ಲಿ ನುಡಿಸುತ್ತಾನೆ. ಇವರು ಲೇಖಕರ ದೊಡ್ಡಪ್ಪ.

ನನ್ನ ಮೊದಲ ತಕರಾರು ಏನು ಅಂದರೆ, ನಿಮ್ಮ ಲೇಖನದಲ್ಲಿ ದೊಡ್ಡಪ್ಪ ತೀರಿಕೊಂಡಿದ್ದಾರೆ. ‘ಸರಳಜೀವಿಯಾಗಿದ್ದರು.’ ‘ಶಿಸ್ತಿನ ಸಿಪಾಯಿಯಾಗಿದ್ದರು.’ ‘ಸದಾ ಹಸನ್ಮುಖಿಯಾಗಿದ್ದರು.’ ಓದುತ್ತಾ ಓದುತ್ತಾ ನಾನು ಮನಸ್ಸಿನಲ್ಲೇ ಫೋಟೊಗೆ ಹಾರ ಹಾಕಿಬಿಟ್ಟೆ. ಆಮೇಲೆ ಜೊತೆಗಿದ್ದ ಕಾಗದ ನೋಡಿದರೆ, ‘ದೊಡ್ಡಪ್ಪನಿಗೆ ಈಗ 78, ಲೇಖನ ಬಂದರೆ ತುಂಬಾ ಖುಷಿ ಪಡ್ತಾರೆ’ ಅಂತ ಇದೆ! ಮನುಷ್ಯ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾರೆ, ನೀವು ಶ್ರದ್ಧಾಂಜಲಿ ಬರೆದಿದ್ದೀರಿ. ನಾಲ್ಕು ಸಾವಿರ ಪದಗಳಲ್ಲಿ ಅವರ ಬಾಯಿಂದ ಬಂದ ಮಾತು ಒಂದೂ ಇಲ್ಲ. ನೀವಿರುವುದು ಚಿಕ್ಕಮಗಳೂರಿನಲ್ಲಿ. ಆಲ್ದೂರಿಗೆ ಬಸ್ ಇಲ್ವಾ?

ತಪ್ಪುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1966ರಲ್ಲಿ ಅವರು ‘ಚಿಕ್ಕಮಗಳೂರಿನಲ್ಲಿ ರೈಲು ಹತ್ತಿದರು’ ಅಂತ ಬರೆದಿದ್ದೀರಿ. ಚಿಕ್ಕಮಗಳೂರಿಗೆ ರೈಲು ಬಂದಿದ್ದು 2013ರಲ್ಲಿ. ಅಲ್ಲಿಯವರೆಗೆ ರೈಲು ಬೇಕಾದವರು ಕಡೂರಿಗೆ ಹೋಗುತ್ತಿದ್ದರು. ಇದನ್ನು ಹಾಗೇ ಅಚ್ಚು ಹಾಕಿದ್ದರೆ ಕಡೂರಿನಿಂದಲೇ ನನಗೆ ಹತ್ತು ಫೋನ್ ಬರುತ್ತಿತ್ತು. ಸ್ಯಾಕ್ಸೊಫೋನನ್ನು ‘ಹಿತ್ತಾಳೆ ವಾದ್ಯಗಳ ರಾಜ’ ಅಂದಿದ್ದೀರಿ. ಮೈ ಹಿತ್ತಾಳೆಯದು, ನಿಜ. ಆದರೆ ದನಿ ಹುಟ್ಟುವುದು ಬಾಯಿಯ ಹತ್ತಿರ ಕಟ್ಟಿದ ಜೊಂಡಿನ ಒಂದು ಸೀಳಿನಲ್ಲಿ, ಅಂದರೆ ರೀಡಿನಲ್ಲಿ. ಹಾಗಾಗಿ ಅದು ಕ್ಲಾರಿನೆಟ್ಟಿನ ಕುಲ, ಕಹಳೆಯ ಕುಲ ಅಲ್ಲ. ಸೈನ್ಯದ ಸ್ಯಾಕ್ಸೊಫೋನ್ ವಾದಕರು ಅಂತ ನೀವು ಕೊಟ್ಟ ಪಟ್ಟಿಯಲ್ಲಿ ಅಮೆರಿಕದ ಬ್ಯಾಂಡ್ ನಾಯಕ ಗ್ಲೆನ್ ಮಿಲ್ಲರ್ ಇದ್ದಾನೆ. ಅವನು ಊದಿದ್ದು ಟ್ರಾಂಬೋನ್.

ಜೇಮ್ಸ್ ರೀಸ್ ಯೂರೋಪ್ ಕೂಡ ‘ಮೊದಲ ಮಿಲಿಟರಿ ಜಾಝ್ ಸ್ಯಾಕ್ಸೊಫೋನ್ ವಾದಕ’ ಅಲ್ಲ. ಆತ ಬ್ಯಾಂಡ್ ನಡೆಸಿದವನು. ಅಮೆರಿಕದ ಕಪ್ಪು ಸೈನಿಕರ 369ನೇ ರೆಜಿಮೆಂಟಿನ ಬ್ಯಾಂಡನ್ನು 1918ರಲ್ಲಿ ಫ್ರಾನ್ಸಿನ ಊರುಗಳಲ್ಲಿ ನುಡಿಸಿಕೊಂಡು ಬಂದವನು. ಮೆಷಿನ್ ಗನ್ ಪಡೆಯ ಅಧಿಕಾರಿಯೂ ಹೌದು. ಯುದ್ಧದಿಂದ ಜೀವಂತವಾಗಿ ಮನೆಗೆ ಬಂದ. 1919ರಲ್ಲಿ ಬಾಸ್ಟನ್ನಿನಲ್ಲಿ ತನ್ನದೇ ಬ್ಯಾಂಡಿನ ಡ್ರಮ್ಮರ್ ಹಾಕಿದ ಚಾಕುವಿಗೆ ಬಲಿಯಾದ. ಇಂಥ ಬಾಳನ್ನು ನೀವು ‘ಜಗದ್ವಿಖ್ಯಾತರಾದರು’ ಅಂತ ಮುಗಿಸಿಬಿಟ್ಟಿದ್ದೀರಿ. ಇರಲಿ, ಆತ ನಿಮ್ಮ ಲೇಖನಕ್ಕೆ ಬೇಕಾಗಿಯೂ ಇಲ್ಲ.

ಬೇಲೂರಿನ ಶಿಲಾಬಾಲಿಕೆಯರ ಪ್ಯಾರಾ ತೆಗೆಯಿರಿ. ಹಾಸನ, ಚಿಕ್ಕಮಗಳೂರಿನವರು ಟ್ರ್ಯಾಕ್ಟರ್ ಬಗ್ಗೆ ಬರೆದರೂ ನಡುವೆ ಹೊಯ್ಸಳರು ಬಂದು ನಿಲ್ಲುತ್ತಾರೆ. ಅವರಿಗೂ ಸ್ವಲ್ಪ ರಜೆ ಕೊಡೋಣ.

ಆರನೇ ಪುಟದಲ್ಲಿ ಹೀಗಿದೆ: ‘ಸೈನ್ಯದಲ್ಲಿ ಎಲ್ಲರೂ ಅವರನ್ನು ಮೆಚ್ಚುತ್ತಿದ್ದರು. ಸೈನ್ಯ ಎಂದೆಂದಿಗೂ ಕಲಾವಿದರನ್ನು ಗೌರವಿಸುತ್ತದೆ.’ ಎಂದೆಂದಿಗೂ? ಲೆಸ್ಟರ್ ಯಂಗ್ ಹೆಸರು ನಿಮ್ಮ ಪಟ್ಟಿಯಲ್ಲೇ ಇದೆಯಲ್ಲ. ಟೆನರ್ ಸ್ಯಾಕ್ಸೊಫೋನಿನಲ್ಲಿ ಆಗಲೇ ದೊಡ್ಡ ಹೆಸರು ಮಾಡಿದ್ದವನು. 1944ರಲ್ಲಿ ಅಮೆರಿಕದ ಸೈನ್ಯ ಅವನನ್ನು ಕಡ್ಡಾಯವಾಗಿ ಸೇರಿಸಿಕೊಂಡಿತು, ಬ್ಯಾಂಡಿಗೆ ಮಾತ್ರ ಹಾಕಲಿಲ್ಲ. ಮಾದಕ ವಸ್ತು ಸಿಕ್ಕಿತು ಅಂತ 1945ರಲ್ಲಿ ಕೋರ್ಟ್ ಮಾರ್ಷಲ್ ಮಾಡಿ ಜಾರ್ಜಿಯಾದ ಸೈನಿಕ ಜೈಲಿಗೆ ಹಾಕಿತು. ಮುಂದೆ ಸ್ಯಾಕ್ಸೊಫೋನಿನಲ್ಲಿ ದೊಡ್ಡ ಹೆಸರಾದ ಜಾನ್ ಕೋಲ್ಟ್ರೇನ್ ಅಮೆರಿಕದ ನೌಕಾಪಡೆ ಸೇರಿದ್ದು ಹಿರೋಶಿಮಾ ಮೇಲೆ ಬಾಂಬ್ ಬಿದ್ದ ದಿನ. ಆಗ ಅವನಿಗೆ 18. ಹವಾಯಿಯಲ್ಲಿ ನೌಕಾಪಡೆಯ ಬ್ಯಾಂಡಿನ ಜೊತೆ ನುಡಿಸಿದ. ಬಿಳಿಯರ ಬ್ಯಾಂಡ್ ಅದು, ಈ ಕಪ್ಪು ಹುಡುಗ ಅಲ್ಲಿ ಲೆಕ್ಕಕ್ಕೆ ಅತಿಥಿ. ಇಷ್ಟೆಲ್ಲ ಗೊತ್ತಿದ್ದೂ ನೀವು ‘ಗೌರವಿಸುತ್ತದೆ’ ಅಂತ ಬರೆದಿರಿ. ನಿಮ್ಮ ದೊಡ್ಡಪ್ಪನಿಗೆ 24 ವರ್ಷದಲ್ಲಿ ಬ್ಯಾಂಡ್ ಮಾಸ್ಟರ್ ಒಂದು ಸಲವೂ ಬೈಯಲಿಲ್ಲವೇ? ಬೈಸಿಕೊಳ್ಳದ ಬ್ಯಾಂಡಿನವನನ್ನು ನಾನಂತೂ ನಂಬಲಾರೆ.

ಅದರ ಕೆಳಗೇ, ‘1971ರ ಯುದ್ಧದಲ್ಲಿ ಕೈಯಲ್ಲಿ ಸ್ಯಾಕ್ಸೊಫೋನ್ ಹಿಡಿದು ಯೋಧರನ್ನು ಹುರಿದುಂಬಿಸಿದರು’ ಅಂತ ಇದೆ. ಇದನ್ನು ಅವರು ಹೇಳಿದರೋ, ನೀವೇ ಸೇರಿಸಿದಿರೋ? ಯುದ್ಧ ಅಂದರೆ ಬ್ಯಾಂಡಿನವರು ವಾದ್ಯ ಕೆಳಗಿಟ್ಟು ಸ್ಟ್ರೆಚರ್ ಹಿಡಿಯುತ್ತಾರೆ. ಗಾಯಗೊಂಡವರನ್ನು ಹೊತ್ತು ತರುವುದು ಅವರ ಪಾಲಿನ ಕೆಲಸ, ಹಿಂದಿನಿಂದಲೂ ಬಂದ ಪದ್ಧತಿ. ಆ ಯುದ್ಧ ನಡೆದಿದ್ದು ಡಿಸೆಂಬರ್ 3ರಿಂದ 16ರವರೆಗೆ. ಆಗ 23 ವರ್ಷದ ಈ ಹುಡುಗ ಎಲ್ಲಿದ್ದ? ಗಡಿಯಲ್ಲೋ, ಬ್ಯಾರಕ್ಕಿನಲ್ಲೋ? ಸ್ಯಾಕ್ಸೊಫೋನ್ ಯಾರ ಹತ್ತಿರ ಬಿಟ್ಟು ಹೋಗಿದ್ದ? ವಾಪಸ್ ಬಂದು ಮೊದಲು ಊದಿದ್ದು ಏನು? ಅವರು ಹೇಳಲಿಲ್ಲ ಅಂದರೆ ಒತ್ತಾಯ ಬೇಡ. ‘ಆ ಮಾತು ಬೇಡ ಬಿಡು ಅಂದರು’ ಅಂತಲೇ ಬರೆಯಿರಿ.

ನನಗೆ ನಿಜಕ್ಕೂ ಹೊಟ್ಟೆ ಉರಿದಿದ್ದು ಏಳನೇ ಪುಟದಲ್ಲಿ. ‘ಹಗಲು ಮಾರ್ಚ್, ರಾತ್ರಿ ಜಾಝ್ ನುಡಿಸುತ್ತಿದ್ದರು.’ ಐದೇ ಪದ. ಮುಂದಿನ ಸಾಲಿನಲ್ಲಿ ಅವರಿಗೆ ನಾಯಕ್ ಆಗಿ ಬಡ್ತಿ. ಅದರ ಮುಂದೆ ಹವಾಲ್ದಾರ್, ಅದರ ಮುಂದೆ ನಾಯಬ್ ಸುಬೇದಾರ್. ಬಡ್ತಿಯ ಪಟ್ಟಿ ಪೆನ್ಷನ್ ಬುಕ್ಕಿನಲ್ಲಿ ಇದ್ದೇ ಇದೆ, ನಮಗೆ ಯಾಕೆ?

ನಾನು ಸಂಗೀತ ಕಲಿತವನಲ್ಲ, ಆಕಾಶವಾಣಿ ಕೇಳಿ ಕಿವಿ ಬೆಳೆಸಿಕೊಂಡವನು. ಆದರೂ ಆ ಐದು ಪದ ಓದಿ ಮೇಜಿನ ಮೇಲೆ ಬೆರಳು ಕುಟ್ಟಿ ನೋಡಿದೆ. ಒಂದು, ಎರಡು, ಮೂರು, ನಾಕು. ಮಾರ್ಚಿನಲ್ಲಿ, ಅಂದರೆ ಪರೇಡಿನ ಹೆಜ್ಜೆಗೆ ನುಡಿಸುವ ಸಂಗೀತದಲ್ಲಿ, ಒತ್ತು ಒಂದಕ್ಕೆ ಮತ್ತು ಮೂರಕ್ಕೆ. ಎಡಗಾಲು ಬೀಳುವ ಜಾಗ ಅದು. ಜಾಝಿನಲ್ಲಿ ಚಪ್ಪಾಳೆ ಬೀಳುವುದು ಎರಡಕ್ಕೆ ಮತ್ತು ನಾಲ್ಕಕ್ಕೆ. ಅಂದರೆ ಹಗಲೆಲ್ಲ ಎಡಗಾಲಿನ ಮೇಲಿದ್ದ ಭಾರ ರಾತ್ರಿ ಬಲಗಾಲಿಗೆ ಬರಬೇಕು! ಇನ್ನೊಂದಿದೆ. ಮಾರ್ಚಿನಲ್ಲಿ ಎರಡು ಸಣ್ಣ ಸ್ವರ ಜೋಡಿಯಾಗಿ ಬಂದರೆ ಎರಡೂ ಸಮ, ತಕ್ಕಡಿಯಲ್ಲಿ ತೂಗಿದ ಹಾಗೆ. ಜಾಝಿನವರು ಹಾಳೆಯಲ್ಲಿ ಸಮ ಅಂತ ಬರೆದಿದ್ದರೂ ಮೊದಲನೆಯದನ್ನು ಎಳೆದು, ಎರಡನೆಯದನ್ನು ಚುಟುಕು ಮಾಡಿ ಊದುತ್ತಾರೆ. ಕುಂಟೆಬಿಲ್ಲೆ ಆಡುವ ಮಕ್ಕಳ ಹೆಜ್ಜೆ ಇರುತ್ತಲ್ಲ, ಹಾಗೆ. ಪರೇಡ್ ಮೈದಾನದಲ್ಲಿ ಯಾರಾದರೂ ಹಾಗೆ ಊದಿದರೆ ಇಡೀ ಸಾಲು ಎಡವುತ್ತದೆ.

ಅದಕ್ಕಿಂತ ದೊಡ್ಡದು ಹಾಳೆಯ ವಿಷಯ. ಮಾರ್ಚಿನಲ್ಲಿ ಊದಬೇಕಾದ್ದೆಲ್ಲ ಹಾಳೆಯಲ್ಲಿದೆ. ಒಂದು ಸ್ವರ ಜಾಸ್ತಿ ಇಲ್ಲ, ಒಂದು ಕಮ್ಮಿ ಇಲ್ಲ. ರಾತ್ರಿ ಮೆಸ್ಸಿನಲ್ಲಿ ಅದೇ ಬಾಯಿ, ಅದೇ ರೀಡು. ‘ಈಗ ನಿನ್ನ ಸರದಿ, ಹಾಳೆಯಲ್ಲಿ ಏನೂ ಇಲ್ಲ, ಊದು’ ಅನ್ನುತ್ತಾರೆ. ನಮ್ಮ ಕಚೇರಿ ಕೇಳಿದವರಿಗೆ ಕಲ್ಪನಾಸ್ವರ ಅಂದರೆ ಸ್ವಲ್ಪ ಅಂದಾಜು ಸಿಗಬಹುದು. ಬೆಳಿಗ್ಗೆ ಎದ್ದರೆ ಮತ್ತೆ ಎಡಗಾಲು. ಮನುಷ್ಯ 24 ವರ್ಷ ಹೀಗೆ ಹೇಗೆ ಬದುಕಿದ? ಮೊದಲ ಸಲ ‘ಊದು’ ಅಂದಾಗ ಊದಿದರಾ, ಬೆವರಿದರಾ? ಸೈನ್ಯದಲ್ಲಿ ಮೆಸ್ಸಿನ ತಂಡಕ್ಕೆ ಜಾಝ್ ಬ್ಯಾಂಡ್ ಅಂತ ಹೆಸರಿದ್ದರೂ ನುಡಿಸುವುದು ಬಹಳ ಸಲ ಹಿಂದಿ ಸಿನಿಮಾ ಹಾಡು. ಹಾಗಾದರೆ ನಿಜವಾದ ಜಾಝ್ ಅವರ ಕಿವಿಗೆ ಬಿದ್ದಿದ್ದು ಎಲ್ಲಿ? ರೇಡಿಯೊದಲ್ಲೋ, ಯಾರೋ ಆಫೀಸರ್ ತಂದ ರೆಕಾರ್ಡಿನಲ್ಲೋ? ನನಗೆ ಬೇಕಾದ ಲೇಖನ ಇದು. ನೀವು ಇದನ್ನು ಐದು ಪದದಲ್ಲಿ ಹೂತಿಟ್ಟು ಮೇಲೆ ಪದಕ ಜೋಡಿಸಿದ್ದೀರಿ. ಜಾಝ್ ಅಂದರೆ ಓದುಗರು ಏನಂದುಕೊಳ್ಳುತ್ತಾರೋ ಅನ್ನುವ ಭಯ ಇರಬೇಕು, ಅಲ್ವಾ?

ಪಚ್‌ಮಢಿಗೂ ಅರ್ಧ ಸಾಲು ಕೊಟ್ಟಿದ್ದೀರಿ. ಮಧ್ಯಪ್ರದೇಶದ ಗುಡ್ಡದ ಮೇಲಿನ ಊರು, ಸೈನ್ಯದ ಬ್ಯಾಂಡಿನವರು ಕಲಿಯುವುದು ಅಲ್ಲಿ. ಗಿರಿಯ ಪಕ್ಕದಲ್ಲಿ ಹುಟ್ಟಿದ ಹುಡುಗ ಇನ್ನೊಂದು ಗುಡ್ಡಕ್ಕೆ ಹೋಗಿ, ಐದು ಗೆರೆಗಳ ಮೇಲೆ ಮೆಣಸಿನ ಕಾಳು ಚೆಲ್ಲಿದ ಹಾಗಿರುವ ಬರಹವನ್ನು ಓದಲು ಕಲಿತ. ಯಾವ ಭಾಷೆಯಲ್ಲಿ ಹೇಳಿಕೊಟ್ಟರು? ಆಗ ಅವರಿಗೆ ಹಿಂದಿ ಬರುತ್ತಿತ್ತಾ?

ಇನ್ನು ಅಜ್ಜಿ. ಮೂರನೇ ಪುಟದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗುತ್ತಾರೆ: ‘ತೋಟ ಬಿಟ್ಟು ವಾಲಗ ಊದೋಕೆ ಮಿಲಿಟ್ರಿಗೆ ಹೋದ್ನಾ ಅಂತ ಅಜ್ಜಿ ನೊಂದಿದ್ದರು.’ ಇಡೀ ಲೇಖನದಲ್ಲಿ ಜೀವ ಇರುವ ಮಾತು ಇದೊಂದೇ. ಮಗ ಸೈನ್ಯಕ್ಕೆ ಹೋದ ಅಂತ ಅವರಿಗೆ ಭಯ ಆಗಲಿಲ್ಲ, ಊದುತ್ತಾನೆ ಅಂತ ಅವಮಾನ ಆಯಿತು. ವಾಲಗ ಊದುವುದು ಇಂಥವರ ಕೆಲಸ, ಬಾಯಿಗಿಟ್ಟ ವಾದ್ಯ ಎಂಜಲು, ಅಂತ ನಮ್ಮ ಊರುಗಳಲ್ಲಿದ್ದ ಲೆಕ್ಕ ನಿಮಗೂ ಗೊತ್ತು, ನನಗೂ ಗೊತ್ತು. ಆಮೇಲೆ ನೀವು ಅದನ್ನು ಪೂರ್ತಿ ಮರೆತು, ರಿಟೈರ್ ಆದ ಮೇಲೆ ‘ಶುಭ ಸಮಾರಂಭಗಳಲ್ಲಿ ಕಲಾಸೇವೆ ಗೈದರು’ ಅಂತ ಬರೆದಿರಿ. ದುಡ್ಡು ತಗೊಂಡರೋ ಇಲ್ಲವೋ? ತಗೊಂಡಿದ್ದರೆ ಅದು ದುಡಿಮೆ, ಹಾಗೇ ಬರೆಯಿರಿ. ತೋಟದ ಮನೆಯ ಮಗ ಛತ್ರದಲ್ಲಿ ವಾಲಗದವರ ಪಕ್ಕ ಚಾಪೆ ಮೇಲೆ ಕೂತಾಗ ನೆಂಟರು ಏನಂದರು? ವಾಲಗದವರು ಏನಂದರು? ಊಟಕ್ಕೆ ಯಾವ ಪಂಕ್ತಿಯಲ್ಲಿ ಕೂತರು? ನಿಮ್ಮ ಮನೆಯವರಿಗೆ ಇದು ಇಷ್ಟ ಆಗದೇ ಇರಬಹುದು. ಬರೆಯುವ ಮೊದಲು ದೊಡ್ಡಪ್ಪನ ಹತ್ತಿರ ಒಂದು ಮಾತು ಕೇಳಿ. ಅವರು ಸರಿ ಅಂದರೆ ಉಳಿದವರ ಚಿಂತೆ ಬೇಡ.

ಕದ್ರಿ ಗೋಪಾಲನಾಥರಿಗೆ ಹೋಲಿಸಿದ್ದು ನನಗೆ ಸರಿ ಕಾಣಲಿಲ್ಲ. ಅವರು ನಾಗಸ್ವರದ ಮನೆಯಿಂದ ಬಂದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಅದನ್ನು ಕರ್ನಾಟಕ ಸಂಗೀತಕ್ಕೆ ಬಗ್ಗಿಸಿ, 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದ ವೇದಿಕೆಯವರೆಗೆ ಒಯ್ದರು. ಬ್ಯಾಂಡಿನಿಂದ ಕಚೇರಿಗೆ ಬಂದ ದಾರಿ ಅದು. ನಿಮ್ಮ ದೊಡ್ಡಪ್ಪನದು ಉಲ್ಟಾ ದಾರಿ, ಸ್ಯಾಕ್ಸೊಫೋನಿನಿಂದ ವಾಲಗದವರ ಚಾಪೆಗೆ. ಹೋಲಿಸುವ ಬದಲು ಇದನ್ನು ಕೇಳಿ: ಮದುವೆಯಲ್ಲಿ ಯಾರಾದರೂ ‘ಕದ್ರಿಯವರ ಹಾಗೆ ಒಂದು ಕೀರ್ತನೆ ಊದಿ’ ಅಂದಾಗ, ಮೆಸ್ಸಿನಲ್ಲಿ ಪಳಗಿದ ಕೈ ಏನು ಮಾಡಿತು?

ಕೊನೆಗೆ ಒಂಬತ್ತನೇ ಪುಟ. ಅಲ್ಲಿನ ನಾಲ್ಕು ಸಾಲು ಬರೆದವರು ಉಳಿದ ಲೇಖನ ಬರೆದವರೇನಾ ಅಂತ ಅನುಮಾನ ಬಂತು. ‘ಜೂನ್ ಬಂತು ಅಂದರೆ ದೊಡ್ಡಪ್ಪ ಪೆಟ್ಟಿಗೆ ತೆಗೆಯುತ್ತಾರೆ. ಸಿಗರೇಟ್ ಸುತ್ತುವ ತೆಳು ಕಾಗದವನ್ನು ಒಂದು ಕೀಲಿಯ ಕೆಳಗೆ ಇಟ್ಟು, ಒತ್ತಿ, ಮೆಲ್ಲಗೆ ಎಳೆಯುತ್ತಾರೆ. ಮತ್ತೆ ಇಡುತ್ತಾರೆ. ಸಿಗರೇಟು ಸೇದುವುದಿಲ್ಲ, ಕಾಗದ ಮಾತ್ರ ತರಿಸುತ್ತಾರೆ.’ ನೋಡಿ, ಇಲ್ಲಿ ನೀವು ‘ಆಗಿದ್ದರು’ ಬರೆಯುವುದನ್ನು ಮರೆತಿದ್ದೀರಿ. ಮರೆತಿದ್ದೇ ಒಳ್ಳೆಯದಾಯಿತು. ಯಾಕೆ ಹಾಗೆ ಮಾಡುತ್ತಾರೆ ಅಂತ ಮಾತ್ರ ಬರೆದಿಲ್ಲ. ನಾನು ಇಲ್ಲಿಯ ಬ್ಯಾಂಡ್‌ಸೆಟ್ಟಿನ ಒಬ್ಬರನ್ನು ಕೇಳಿದೆ. ಕೀಲಿಗಳ ಕೆಳಗೆ ಚರ್ಮದ ಪ್ಯಾಡ್ ಇರುತ್ತದಂತೆ. ಮಳೆಗಾಲದ ತೇವಕ್ಕೆ ಅದು ತೂತಿನ ಬಾಯಿಗೆ ಅಂಟಿಕೊಳ್ಳುತ್ತದೆ. ಬೆರಳು ಒತ್ತಿದರೂ ಏಳುವುದಿಲ್ಲ. ಜಾಸ್ತಿ ಹಟ ಮಾಡುವುದು ಜಿ ಶಾರ್ಪ್ ಅನ್ನುವ ಸ್ವರದ ಕೀಲಿಯಂತೆ. ಕಾಗದ ಆ ತೇವ ಹೀರುತ್ತದೆ. ದೊಡ್ಡಪ್ಪ ಎಳೆಯುವುದೂ ಅದೇ ಕೀಲಿಯ ಕೆಳಗಾ? ಕಾಗದ ಬರುವಾಗ ಸದ್ದು ಬರುತ್ತಾ? ಪೆಟ್ಟಿಗೆ ತೆಗೆದರೆ ಎಂಥ ವಾಸನೆ? ಇಷ್ಟೆಲ್ಲ ಆದ ಮೇಲೆ ಊದುತ್ತಾರಾ, ಸುಮ್ನೆ ಒರೆಸಿ ಮುಚ್ಚಿಡುತ್ತಾರಾ? ಊದಿದರೆ ಏನನ್ನು, ಮಾರ್ಚೋ ಇನ್ನೊಂದೋ?

ಹೊಸದಾಗಿ ಬರೆಯಿರಿ. ಸಾವಿರದೈನೂರು ಪದ ಮೀರಬಾರದು. ತಲೆಬರಹ ಬದಲಾಗಲಿ, ‘ಸ್ವರಸಾಧಕ’ ಪದ ಎಲ್ಲೂ ಬೇಡ. ಪದಕಗಳ ಫೋಟೊ ಚೆನ್ನಾಗಿದೆ, ವಾಪಸ್ ಕಳಿಸಿದ್ದೇನೆ. ಪೆಟ್ಟಿಗೆ ತೆರೆದು ಕೂತಿರುವ ಫೋಟೊ ಒಂದು ತೆಗೆಯಿರಿ, ಮೊಬೈಲಿನದಾದರೂ ನಡೆಯುತ್ತದೆ. ಮಳೆ ನಿಲ್ಲುವುದರೊಳಗೆ ಹೋಗಿ. ಆಲ್ದೂರಿನಲ್ಲಿ ಆ ಕಾಗದ ಸಿಗುತ್ತೋ ಇಲ್ಲವೋ, ಚಿಕ್ಕಮಗಳೂರಿನಿಂದಲೇ ಎರಡು ಪ್ಯಾಕ್ ತಗೊಂಡು ಹೋಗಿ.

ಇಂತಿ,
ಸಂಪಾದಕ, ಹಾಸನ